ಹನ್ನೆರಡು ಮಿಲಿಮೀಟರು

ಮಗುವಿನ ಉಚ್ಚೆ ಮುಂದಕ್ಕೆ ಹಾರದೆ ಕಾಲ ಮೇಲೇ ಸುರಿಯುವುದನ್ನು ಮೊದಲು ಕಂಡವರು ನಮ್ಮತ್ತೆ, ಬಾಣಂತಿಕೋಣೆಯಲ್ಲಿ ಎಣ್ಣೆನೀರು ಹಾಕುವಾಗ. ಬೆಳೀತಾ ಸರಿಹೋಗುತ್ತೆ ಎಂದರು ಒಬ್ಬ ವೈದ್ಯರು. ನಂಬಿ ಕೂತೆವು. ಉಚ್ಚೆಯ ತೂತು ತುದಿಯಲ್ಲಿರದೆ ಕೆಳಗಡೆ ಇರುವ ಇದಕ್ಕೆ ಹೈಪೋಸ್ಪೇಡಿಯಾಸ್ ಎಂಬ ಹೆಸರು ನಮಗೆ ಸಿಕ್ಕಾಗ ಮಗುವಿಗೆ ಏಳು ತಿಂಗಳು.

ಬೆಂಗಳೂರಿನ ಮಕ್ಕಳ ಸರ್ಜನ್ ಬೀಜಗಳೆರಡೂ ಇಳಿದಿವೆಯೇ ಎಂದು ಮುಟ್ಟಿ ನೋಡಿದರು. ಇಳಿಯದಿದ್ದರೆ ಕ್ರೋಮೋಸೋಮ್ ಪರೀಕ್ಷೆ ಮೊದಲು ಆಗಬೇಕಿತ್ತಂತೆ. ಆಮೇಲೆ ಪುಟ್ಟ ಅಳತೆಕಡ್ಡಿ ಹಿಡಿದರು. ಶಿಶ್ನದ ತುದಿಯ ಅಗಲ 12 ಮಿಲಿಮೀಟರು. 14 ಆದರೂ ಇದ್ದರೆ ಆಪರೇಷನ್ನಿನಲ್ಲಿ ಹೊಲಿಗೆಗೆ ಜಾಗ ಸಿಗುತ್ತದೆ, ಅದಕ್ಕೆ ಟೆಸ್ಟೋಸ್ಟಿರಾನ್ ಎರಡು ಇಂಜೆಕ್ಷನ್, ತಿಂಗಳಿಗೊಂದು ಎಂದರು.

ಹಾಲು ಕುಡಿಯುವ ಕೂಸಿಗೆ ಗಂಡಸರ ಹಾರ್ಮೋನು! ಗಡ್ಡ ಬರುತ್ತಾ ಎಂದು ನನ್ನ ಗಂಡ ಕೇಳಿಯೇಬಿಟ್ಟರು. ವೈದ್ಯರು ನಗಲಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ಗಂಡುಕೂಸಿನ ಮೈ ತಾನೇ ಇದನ್ನು ಸುರಿಸುತ್ತದೆ, ಆಮೇಲೆ ಹರೆಯದ ತನಕ ನಿಲ್ಲಿಸುತ್ತದೆ ಎಂದು ವಿವರಿಸಿದರು. ಇನ್ನೊಬ್ಬರನ್ನು ಕೇಳಿದಾಗ ಅವರು ಇದು ಬೇಡವೇ ಬೇಡ, ಗಾಯ ಮಾಯುವುದು ತಡವಾಗಬಹುದು ಎಂದರು. ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ನಾವು ಅಳೆದು ಹೇಳಿದವರ ಕಡೆ ವಾಲಿದೆವು.

ಔಷಧಿಯಂಗಡಿಯವನು ಚೀಟಿಯನ್ನು ಎರಡು ಸಲ ಓದಿದ. ಆಂಪೂಲಿನಲ್ಲಿದ್ದದ್ದು 250 ಮಿಲಿಗ್ರಾಂ. ಕೆಜಿಗೆ 2ರ ಲೆಕ್ಕದಲ್ಲಿ ಎಂಟು ಕೆಜಿಯ ನಮ್ಮ ಕೂಸಿಗೆ ಬೇಕಿದ್ದದ್ದು 16. ನರ್ಸ್ ಸಿರಿಂಜಿಗೆ ಎಳೆದದ್ದು ಕಣ್ಣಿಗೆ ಕಾಣದಷ್ಟು ಎಣ್ಣೆಯಂಥ ಹನಿ. ಉಳಿದದ್ದು ಕಸಕ್ಕೆ. ಆ ಲೆಕ್ಕವನ್ನು ನಾನೂ ಕೈಯಲ್ಲಿ ಬರೆದಿಟ್ಟುಕೊಂಡಿದ್ದೆ. ನರ್ಸಿಗೆ ಸಿಟ್ಟು ಬಂತು, ಬರಲಿ.

ತಪ್ಪಿದ್ದು ಬೇರೆ ಕಡೆ. ಅತ್ತೆಗೆ ಹೇಳಲಿಲ್ಲ. ಶಕ್ತಿಯ ಇಂಜೆಕ್ಷನ್ ಎಂದಿದ್ದೆವು. ದಿನಾ ಮಗುವನ್ನು ಕಾಲ ಮೇಲೆ ಮಲಗಿಸಿ ತೀಡುವವರಿಂದ ಎಷ್ಟು ದಿನ ಮುಚ್ಚಿಡುವುದು? ಎರಡನೇ ಇಂಜೆಕ್ಷನ್ ಆದ ಮೇಲೆ ಬೀಜದ ಚೀಲ ಕಪ್ಪಾಯಿತು, ಬುಡದಲ್ಲಿ ನಾಲ್ಕು ನವಿರು ಕೂದಲು ಕಂಡವು. ಅತ್ತೆ ಯಾರಿಗೂ ಹೇಳದೆ ಮೆಣಸಿನಕಾಯಿ ನಿವಾಳಿಸಿದರು, ಎರಡು ದಿನ ಊಟ ಬಿಟ್ಟರು. ಕೊನೆಗೆ ನಿಜ ಹೇಳಿದಾಗ ಅವರು ಕೇಳಿದ್ದು ಒಂದೇ: "ಇದು ಉಳಿಯುತ್ತೋ, ಹೋಗುತ್ತೋ?" ನಾನು ವೈದ್ಯರನ್ನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ. ಹೋಗುತ್ತದೆ. ಕೆಲವು ತಿಂಗಳಲ್ಲಿ ಹೋಯಿತು.

ಆಪರೇಷನ್ ದಿನ ಪಕ್ಕದಲ್ಲಿ ಕೂತಿದ್ದ ಮುಸ್ಲಿಂ ತಾಯಿಗೆ ಮಗನಿಗೆ ಮುಂಜಿ ಮಾಡಿಸಬೇಡಿ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರಂತೆ. ಮುಂಜಿಯಲ್ಲಿ ತೆಗೆಯುವ ಚರ್ಮವೇ ರಿಪೇರಿಗೆ ಬೇಕಾಗುವ ಬಟ್ಟೆ. ನಮ್ಮ ಕೂಸಿನ ಅಳತೆ ಆ ಹೊತ್ತಿಗೆ 15 ದಾಟಿತ್ತು. ಏಳು ದಿನ ಎರಡೆರಡು ಡೈಪರ್: ಒಳಗಿನದು ಮಲಕ್ಕೆ, ಅದಕ್ಕೆ ತೂತು ಮಾಡಿ ಉಚ್ಚೆಯ ನಳಿಕೆಯನ್ನು ಹೊರಗಿನದಕ್ಕೆ ಬಿಡುವುದು.

ಆದರೂ ಹೊಲಿಗೆಯ ಒಂದು ಕಡೆ ಸೂಜಿಮೊನೆಯಷ್ಟು ತೂತು ಉಳಿಯಿತು. ಅದನ್ನು ಮುಚ್ಚಲು ಆರು ತಿಂಗಳು ಕಾಯಿರಿ ಎಂದರು. ಆ ಭೇಟಿಗೆ ಅತ್ತೆಯೂ ಬಂದಿದ್ದರು. ನಾವು ಬಾಯಿ ತೆರೆಯುವ ಮೊದಲೇ ಕೇಳಿದರು: "ಈ ಸಲವೂ ಆ ಎಣ್ಣೆ ಇಂಜೆಕ್ಷನ್ ಬೇಕಾ ಡಾಕ್ಟ್ರೇ?"

ಬೇಡ, ಜಾಗ ಸಾಕಷ್ಟಿದೆ ಎಂದರು ಅವರು, ಅಳತೆಕಡ್ಡಿ ಒರೆಸುತ್ತಾ.