ಒಂದು ಹಗಲಿನ ಲೆಕ್ಕ: ಕುಮಾರ ಪರ್ವತ ಹತ್ತುವವರಿಗೆ ಒಂದು ಪಾಠ



"ದೂರದ ಬೆಟ್ಟ ನುಣ್ಣಗೆ" ಎಂಬ ಗಾದೆಯನ್ನು ನಾವೆಲ್ಲರೂ ಕನ್ನಡ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಅಂಕವೂ ಸಿಕ್ಕಿದೆ. ಆದರೆ ಬೆಟ್ಟ ನಿಜವಾಗಿ ಎಷ್ಟು ನುಣ್ಣಗಿದೆ ಎಂದು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ನಮ್ಮ ತರಗತಿಯಲ್ಲಿ ಪ್ರತಿ ವರ್ಷ ಒಂದು ಮಾತು ಕೇಳಿಬರುತ್ತದೆ: "ಈ ಸಲ ಕುಮಾರ ಪರ್ವತ ಹತ್ತುವ ಮಾರಾಯ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಎಂತ ಉಂಟು ಅದರಲ್ಲಿ?" ಅದರಲ್ಲಿ ಎಂತ ಉಂಟು ಎಂಬುದನ್ನು ಭೂಗೋಳ, ಗಣಿತ ಮತ್ತು ವಿಜ್ಞಾನ ಮೂರನ್ನೂ ಸೇರಿಸಿ ತಿಳಿಯುವುದೇ ಈ ಲೇಖನದ ಉದ್ದೇಶ.

1. ಪರ್ವತದ ಪರಿಚಯ

ಕುಮಾರ ಪರ್ವತವು ಪಶ್ಚಿಮ ಘಟ್ಟದ ಎತ್ತರದ ಶಿಖರಗಳಲ್ಲಿ ಒಂದು. ಎತ್ತರ ಸಮುದ್ರ ಮಟ್ಟದಿಂದ 1712 ಮೀಟರ್. ಇದಕ್ಕೆ ಪುಷ್ಪಗಿರಿ ಎಂಬ ಹೆಸರೂ ಉಂಟು. ಶಿಖರ ಇರುವುದು ಕೊಡಗಿನ ಸೋಮವಾರಪೇಟೆ ತಾಲೂಕಿನಲ್ಲಿ, ದಕ್ಷಿಣ ಕನ್ನಡದ ಗಡಿಗೆ ತಾಗಿಕೊಂಡು. ತಾರಕಾಸುರನನ್ನು ಕೊಂದ ಬಳಿಕ ಕುಮಾರಸ್ವಾಮಿಯು ಇಲ್ಲಿಗೆ ಬಂದನೆಂದು ಸ್ಥಳಪುರಾಣ ಹೇಳುತ್ತದೆ. ಕುಮಾರಧಾರಾ ನದಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಅದು ಸುಬ್ರಹ್ಮಣ್ಯದ ಬಳಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಜೀವಿ ಧಾಮ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿ ಸೇರಿತು. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾರೂ ಹತ್ತುವಂತಿಲ್ಲ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ಅಂದರೆ ಒಂದೇ ಹಗಲಿನಲ್ಲಿ ಹತ್ತಿ ಇಳಿಯಬೇಕು.

2. ದಾರಿಯ ಭಾಗಗಳು

ಸೋಮವಾರಪೇಟೆ ಕಡೆಯಿಂದ ದಾರಿ ಗಿಡ್ಡ. ನಮಗೆ ಹತ್ತಿರವಾದದ್ದು ಸುಬ್ರಹ್ಮಣ್ಯದ ದಾರಿ, ಒಂದು ಕಡೆಗೆ ಸುಮಾರು 13 ಕಿ.ಮೀ. ಅದನ್ನು ನಾಲ್ಕು ಭಾಗ ಮಾಡಬಹುದು.

(ಅ) ಸುಬ್ರಹ್ಮಣ್ಯದಿಂದ ಗಿರಿಗದ್ದೆಯವರೆಗೆ ದಟ್ಟ ಕಾಡು. ಬೇರು, ಕಲ್ಲು, ಒಂದೇ ಸಮನೆ ಏರು. ನೆರಳು ಉಂಟು, ಗಾಳಿ ಇಲ್ಲ. ನೆಲ ಒದ್ದೆಯಾಗಿದ್ದರೆ ಇಂಬಳವೂ ಉಂಟು.

(ಆ) ಗಿರಿಗದ್ದೆಯಿಂದ ಕಲ್ಲು ಮಂಟಪದವರೆಗೆ ಬಯಲು ಹುಲ್ಲುಗಾವಲು. ಇಲ್ಲಿ ಮರವಿಲ್ಲ. ಬಿಸಿಲು ನೇರವಾಗಿ ತಲೆಯ ಮೇಲೆ.

(ಇ) ಮಂಟಪದಿಂದ ಶೇಷ ಪರ್ವತದವರೆಗೆ ಕಡಿದಾದ ಏರು. ಒಂದು ಗುಡ್ಡ ಮುಗಿಯಿತು ಎನ್ನುವಾಗ ಇನ್ನೊಂದು ಎದ್ದು ನಿಂತಿರುತ್ತದೆ.

(ಈ) ಶೇಷ ಪರ್ವತದಿಂದ ಸ್ವಲ್ಪ ಇಳಿದು, ಶೋಲಾ ಕಾಡು ದಾಟಿ, ಬಂಡೆ ಹತ್ತಿದರೆ ಕುಮಾರ ಪರ್ವತದ ತುದಿ.

ಕೆಳಗಿನಿಂದ ನೋಡುವವನಿಗೆ ಈ ನಾಲ್ಕು ಭಾಗ ಕಾಣುವುದಿಲ್ಲ. ಒಂದು ನೀಲಿ ಗೆರೆ ಮಾತ್ರ ಕಾಣುತ್ತದೆ. ಭೂಪಟದಲ್ಲಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಸಮೋನ್ನತಿ ರೇಖೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇದ್ದಲ್ಲಿ ಏರು ಕಡಿದು, ದೂರ ದೂರ ಇದ್ದಲ್ಲಿ ಏರು ಸೌಮ್ಯ.

3. ಸಮಯದ ಲೆಕ್ಕ

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಒಂದು ಸುಲಭ ಸೂತ್ರ ಕೊಟ್ಟರು. ಅದು ಮೈಲಿ ಮತ್ತು ಅಡಿಗಳಲ್ಲಿತ್ತು. ನಮ್ಮ ಅಳತೆಗೆ ತಂದರೆ ಹೀಗಾಗುತ್ತದೆ: ಪ್ರತಿ 5 ಕಿ.ಮೀ. ದೂರಕ್ಕೆ 1 ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಈಗ ಕುಮಾರ ಪರ್ವತಕ್ಕೆ ಹಾಕಿ ನೋಡುವ. ಸುಬ್ರಹ್ಮಣ್ಯದ ಎತ್ತರ ಸುಮಾರು 120 ಮೀಟರ್. ಹಾಗಾದರೆ ಏರಬೇಕಾದದ್ದು ಸುಮಾರು 1600 ಮೀಟರ್.

ದೂರಕ್ಕೆ: 13 ÷ 5 = 2 ಗಂಟೆ 36 ನಿಮಿಷ
ಏರಿಗೆ: 1600 ÷ 600 = 2 ಗಂಟೆ 40 ನಿಮಿಷ
ಒಟ್ಟು: 5 ಗಂಟೆ 16 ನಿಮಿಷ

ಇದು ಅಭ್ಯಾಸ ಇರುವ ಗಟ್ಟಿಗರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ನಮ್ಮ ಹಾಗೆ ಚೀಲ ಹೊತ್ತು, ಕೂತು, ನೀರು ಕುಡಿದು ಹೋಗುವವರಿಗೆ ಕಾಲು ಭಾಗ ಹೆಚ್ಚು ಸೇರಿಸಿದರೆ ಸುಮಾರು 6 ಗಂಟೆ 35 ನಿಮಿಷ. ಇಳಿಯಲಿಕ್ಕೆ ನಾಲ್ಕೂವರೆ ಗಂಟೆ ಇಡಿ. ಹೋಗಿ ಬರಲು ಒಟ್ಟು 11 ಗಂಟೆ 5 ನಿಮಿಷ.

ಡಿಸೆಂಬರ್ ಕೊನೆಯಲ್ಲಿ ನಮ್ಮ ಊರಿನ ಹಗಲು ಎಷ್ಟು ಉದ್ದ? ಸುಮಾರು 11 ಗಂಟೆ 20 ನಿಮಿಷ. ಅಂದರೆ ಇಡೀ ದಿನದಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಕೇವಲ ಒಂದು ಕಾಲು ಗಂಟೆ! ಚಳಿಗಾಲದಲ್ಲಿ ಹತ್ತಲು ತಂಪು, ಆಕಾಶ ಶುಭ್ರ, ಎಲ್ಲ ಒಳ್ಳೆಯದೇ. ಆದರೆ ಹಗಲು ಮಾತ್ರ ಗಿಡ್ಡ. "ಬೆಳಿಗ್ಗೆ ಹೋಗಿ ಸಂಜೆ ಬರುವುದು" ಎಂಬ ಮಾತಿನೊಳಗೆ ಇಷ್ಟು ಲೆಕ್ಕ ಅಡಗಿದೆ.

4. ದೇಹದ ಲೆಕ್ಕ

ಒಂಬತ್ತನೇ ತರಗತಿಯಲ್ಲಿ ಕೆಲಸ = ರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ ಎಂದು ಕಲಿತಿದ್ದೇವೆ. 45 ಕಿಲೋ ತೂಕದ ಹುಡುಗ 5 ಕಿಲೋ ಚೀಲ ಹೊತ್ತು 1600 ಮೀಟರ್ ಏರಿದರೆ 50 × 10 × 1600 = 8,00,000 ಜೂಲ್. ಇದು ಸುಮಾರು 190 ಕಿಲೋ ಕ್ಯಾಲೊರಿ. ಇಷ್ಟೆಯಾ ಎನ್ನಬೇಡಿ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸವಾಗಿ ಮಾಡುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಬರೇ ಏರಲಿಕ್ಕೆ ಸುಮಾರು 760 ಕಿಲೋ ಕ್ಯಾಲೊರಿ ಬೇಕು. ನಡೆಯುವ ದೂರದ್ದು ಮತ್ತು ಇಳಿಯುವುದರದ್ದು ಬೇರೆ. 100 ಗ್ರಾಂ ನೆಲಗಡಲೆಯಲ್ಲಿ ಸುಮಾರು 560, 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕಿಲೋ ಕ್ಯಾಲೊರಿ ಉಂಟು. ನೆಲಗಡಲೆ, ಬೆಲ್ಲ, ಅವಲಕ್ಕಿ, ಬಾಳೆಹಣ್ಣು ಇದ್ದರೆ ಅಂಗಡಿಯ ಬಣ್ಣದ ಪೊಟ್ಟಣ ಬೇಕಾಗಿಲ್ಲ. ಆ ಬಿಸಿಯನ್ನು ತಣಿಸಲೆಂದೇ ಬೆವರು ಬರುವುದು. ಆದ್ದರಿಂದ ಒಬ್ಬೊಬ್ಬರಿಗೆ 3 ಲೀಟರ್ ನೀರು ಬೇಕು. ಗಿರಿಗದ್ದೆಯಲ್ಲಿ ಬಾಟ್ಲಿ ತುಂಬಿಸಿಕೊಳ್ಳಬೇಕು, ಮೇಲಿನ ಹುಲ್ಲುಗಾವಲಲ್ಲಿ ನೀರು ಸಿಕ್ಕೀತು ಎಂದು ನಂಬಿ ಹೋಗಬಾರದು.

ಇನ್ನು ಚಳಿ. ಪ್ರತಿ 1000 ಮೀಟರ್ ಏರಿದಾಗ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 1600 ಮೀಟರಿಗೆ ಸುಮಾರು 10 ಡಿಗ್ರಿ. ಕೆಳಗೆ ಬೆವರುವವನಿಗೆ ಮೇಲೆ ಒದ್ದೆ ಅಂಗಿಯಲ್ಲಿ ಗಾಳಿ ತಾಗಿದರೆ ನಡುಕ ಬರುತ್ತದೆ. ಒಂದು ಒಣ ಅಂಗಿ ಚೀಲದಲ್ಲಿ ಇರಬೇಕು.

"ಮೇಲೆ ಗಾಳಿ ಕಡಿಮೆ, ಅದಕ್ಕೇ ಏದುಸಿರು" ಎಂದು ಕೆಲವರು ಹೇಳುವುದುಂಟು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 2500 ಮೀಟರಿನ ಮೇಲೆ. ನಮ್ಮ ಬೆಟ್ಟದಲ್ಲಿ ಏದುಸಿರು ಬರುವುದು ಹೆಚ್ಚಾಗಿ ಅವಸರದಿಂದ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗದಲ್ಲಿ ನಡೆದರೆ ಉಸಿರು ಸರಿಯಾಗಿರುತ್ತದೆ. ಏರುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಮೊಣಕಾಲು. ಉಸಿರಾದರೆ ಐದು ನಿಮಿಷ ಕೂತರೆ ಮರಳಿ ಬರುತ್ತದೆ, ಮೊಣಕಾಲು ಬರುವುದಿಲ್ಲ.

5. ಹಿಂದಿರುಗುವ ಗಂಟೆ

ಪರ್ವತ ಹತ್ತುವವರು ಹೊರಡುವ ಮೊದಲೇ ಒಂದು ಗಂಟೆಯನ್ನು ಗೊತ್ತುಮಾಡುತ್ತಾರೆ. ಆ ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು. ಇದು ಹೆದರಿಕೆಯ ಮಾತಲ್ಲ, ಕಳೆಯುವ ಲೆಕ್ಕ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6:10ಕ್ಕೆ. ಅರ್ಧ ಗಂಟೆ ಕೈಯಲ್ಲಿ ಉಳಿಸಿಕೊಂಡರೆ 5:40. ಇಳಿಯುವ ನಾಲ್ಕೂವರೆ ಗಂಟೆ ಕಳೆದರೆ 1:10. ಆದ್ದರಿಂದ ತುದಿಯಲ್ಲಿದ್ದರೂ 1 ಗಂಟೆಗೆ ಇಳಿಯಲು ಶುರುಮಾಡಬೇಕು. ಶೇಷ ಪರ್ವತದಿಂದ ತುದಿಗೆ ಸುಮಾರು ಒಂದು ಗಂಟೆ. ಹಾಗಾದರೆ ಶೇಷ ಪರ್ವತವನ್ನು 12ರೊಳಗೆ ಮುಟ್ಟದವರು ಅಲ್ಲಿಂದಲೇ ತಿರುಗಬೇಕು.

ದೊಡ್ಡ ಪರ್ವತದಲ್ಲೂ ಇದೇ ಪಾಠ. ಸ್ವೀಡನ್ನಿನ ಯೋರಾನ್ ಕ್ರಾಪ್ ಎಂಬವರು 1995ರ ಅಕ್ಟೋಬರಿನಲ್ಲಿ ತಮ್ಮ ದೇಶದಿಂದ ಸೈಕಲಿನಲ್ಲಿ ಹೊರಟು ಎವರೆಸ್ಟಿನ ಬುಡಕ್ಕೆ ಬಂದರು. 1996ರ ಮೇ 3ರಂದು ತುದಿಗೆ ಸುಮಾರು 100 ಮೀಟರ್ ಇರುವಾಗ, ಇನ್ನು ಹೋದರೆ ಇಳಿಯುವಾಗ ಕತ್ತಲಾಗುತ್ತದೆ ಎಂದು ತಿರುಗಿ ಬಂದರು. ಒಂದು ವಾರದ ಬಳಿಕ, ಮೇ 10ರಂದು, ಬೇರೆ ತಂಡಗಳ ಅನೇಕರು ಮಧ್ಯಾಹ್ನ 2 ಗಂಟೆ ಕಳೆದ ಮೇಲೂ ತುದಿಯ ಕಡೆಗೆ ಹತ್ತುತ್ತಲೇ ಇದ್ದರು. ಸಂಜೆ ಹಿಮಗಾಳಿ ಎದ್ದಿತು. ಆ ಎರಡು ದಿನಗಳಲ್ಲಿ 8 ಮಂದಿ ಸತ್ತರು. ಕ್ರಾಪ್ ಅವರು ಮೇ 23ರಂದು ಪುನಃ ಹತ್ತಿ ತುದಿ ಮುಟ್ಟಿದರು. ಸಾವಿರಾರು ಮೈಲಿ ಸೈಕಲ್ ತುಳಿದು ಬಂದವರಿಗೆ 100 ಮೀಟರ್ ಬಿಟ್ಟು ಬರಲು ಎಷ್ಟು ಕಷ್ಟವಾಗಿರಬೇಕು, ಯೋಚಿಸಿ.

6. ನಮ್ಮ ತಂಡ ಹೋದಾಗ

ಕಳೆದ ಡಿಸೆಂಬರಿನ ಒಂದು ಆದಿತ್ಯವಾರ ನಮ್ಮ ತರಗತಿಯ ಒಂಬತ್ತು ಮಂದಿ, ಇಬ್ಬರು ಮಾಷ್ಟ್ರೊಂದಿಗೆ, ಅನುಮತಿ ಪಡೆದು ಹೊರಟೆವು. ಗೊತ್ತುಮಾಡಿದ ಗಂಟೆಯನ್ನು ಎಲ್ಲರೂ ಪುಸ್ತಕದಲ್ಲಿ ಬರೆದುಕೊಂಡಿದ್ದೆವು. 6:45ಕ್ಕೆ ಕಾಡು ಹೊಕ್ಕೆವು. ದಾರಿಯಲ್ಲಿ ಒಬ್ಬನ ಶೂವಿನ ಅಡಿ ಕಿತ್ತುಬಂತು. ಹಗ್ಗ ಸುತ್ತಿ ಕಟ್ಟಲು ಹದಿನೈದು ನಿಮಿಷ ಹೋಯಿತು. ಗಿರಿಗದ್ದೆಯಲ್ಲಿ 9:45. ಕಲ್ಲು ಮಂಟಪದಲ್ಲಿ 11:15. ಶೇಷ ಪರ್ವತದಲ್ಲಿ ಗಡಿಯಾರ ನೋಡಿದರೆ 12:25. ಎದುರಿಗೇ ಕುಮಾರ ಪರ್ವತದ ತುದಿ.

"ಸರ್, ಇನ್ನು ಒಂದೇ ಗಂಟೆಯ ದಾರಿ. ನಾವು ನಾಲ್ಕು ಜನ ಓಡಿಹೋಗಿ ಮುಟ್ಟಿ ಬರ್ತೇವೆ" ಎಂದು ಮುಂದಿದ್ದವರು ಹಟ ಹಿಡಿದರು.

"ಹೋಗಲಿಕ್ಕೆ ಒಂದು ಗಂಟೆ. ಬರಲಿಕ್ಕೆ?" ಎಂದರು ವಿಜ್ಞಾನದ ಮಾಷ್ಟ್ರು. ಬೈಯಲಿಲ್ಲ. ಎಲ್ಲರಿಗಿಂತ ಹೆಚ್ಚು ಹಟ ಮಾಡಿದವನ ಕೈಗೇ ಪುಸ್ತಕ ಕೊಟ್ಟು "ನೀನೇ ಲೆಕ್ಕ ಹಾಕು" ಎಂದರು. ಅವನು ಬರೆದ: ತುದಿಗೆ 1:25. ವಿಶ್ರಾಂತಿ ಹದಿನೈದು ನಿಮಿಷ, 1:40. ಇಳಿಯಲು ನಾಲ್ಕೂವರೆ ಗಂಟೆ, 6:10. ಸೂರ್ಯ ಮುಳುಗುವುದೂ 6:10. ಕೊನೆಯ ಭಾಗವೇ ದಟ್ಟ ಕಾಡು, ಆನೆ ಓಡಾಡುವ ಜಾಗ. ಅವನು ಪುಸ್ತಕ ಮುಚ್ಚಿ ಸುಮ್ಮನೆ ಕೂತ. ಒಬ್ಬಳ ಕಣ್ಣಲ್ಲಿ ನೀರು ಬಂತು. ಬುತ್ತಿ ಬಿಚ್ಚಿ ತಿಂದು, ತುದಿಗೆ ಅಲ್ಲಿಂದಲೇ ಕೈಮುಗಿದು 12:45ಕ್ಕೆ ಇಳಿಯತೊಡಗಿದೆವು.

ಗಿರಿಗದ್ದೆಗೆ ಬರುವ ಮುಂಚೆಯೇ ಒಬ್ಬ ಗೆಳೆಯನ ಮೊಣಕಾಲು ಹಿಡಿದುಕೊಂಡಿತು. ಅವನ ಚೀಲವನ್ನು ಆ ಓಡಿಹೋಗುತ್ತೇವೆ ಎಂದವರೇ ಹಂಚಿಕೊಂಡು ಹೊತ್ತರು. ಇಬ್ಬರು ಸರದಿಯಲ್ಲಿ ಭುಜ ಕೊಟ್ಟರು. ಇದರಿಂದ 50 ನಿಮಿಷ ತಡವಾಯಿತು. ಕೆಳಗೆ ಮುಟ್ಟುವಾಗ 5:50. ಹೊರಗೆ ಇನ್ನೂ ಬೆಳಕಿತ್ತು, ಆದರೆ ಕಾಡಿನೊಳಗೆ ಮರದಡಿ ಆಗಲೇ ಮಬ್ಬು. ತುದಿಗೆ ಹೋಗಿದ್ದರೆ? 6:10ಕ್ಕೆ 50 ನಿಮಿಷ ಕೂಡಿಸಿ: 7 ಗಂಟೆ. ಕುಂಟುವ ಗೆಳೆಯ, ಕತ್ತಲೆ ಕಾಡು, ಎರಡು ಟಾರ್ಚು, ಹನ್ನೊಂದು ಜನ. ಮೊಣಕಾಲು ನೋಯುತ್ತದೆ ಎಂದು 12:25ಕ್ಕೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಆ ಅರ್ಧ ಗಂಟೆಯನ್ನು ಉಳಿಸಿಡುವುದು.

ಮರುದಿನ ಶಾಲೆಯಲ್ಲಿ "ತುದಿ ಮುಟ್ಟದವರು ಬಂದರು" ಎಂದು ತಮಾಷೆ ಮಾಡಿದವರಿದ್ದಾರೆ. ಅವರು ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

7. ಗೆಳೆಯರ ಜೊತೆ ನಡೆಯುವ ಕ್ರಮ

ತಂಡದ ವೇಗ ಎಂದರೆ ಸರಾಸರಿ ವೇಗ ಅಲ್ಲ. ಎಲ್ಲರಿಗಿಂತ ನಿಧಾನ ನಡೆಯುವವನ ವೇಗ. ಅವನನ್ನು ಹಿಂದೆ ಬಿಟ್ಟರೆ ಅವನು ಒಬ್ಬನೇ ಆಗುತ್ತಾನೆ, ಅವಸರ ಮಾಡುತ್ತಾನೆ, ಬೀಳುತ್ತಾನೆ. ಮುಂದಿದ್ದವರು ಕೂತು ಕಾಯುತ್ತಾರೆ. ಇವನು ಬಂದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವನಿಗೇ ವಿಶ್ರಾಂತಿ ಇಲ್ಲ! ಆದ್ದರಿಂದ ನಿಧಾನದವನು ಮುಂದೆ, ಗಟ್ಟಿಗ ಕೊನೆಗೆ. ಕವಲು ಬಂದಲ್ಲಿ ಎಲ್ಲರೂ ಸೇರುವವರೆಗೆ ನಿಲ್ಲಬೇಕು. "ನನಗೆ ಆಗುವುದಿಲ್ಲ" ಎನ್ನಲು ನಾಚಿಕೆಪಡುವವನು ಪ್ರತಿ ತಂಡದಲ್ಲೂ ಇರುತ್ತಾನೆ. ಅವನು ಹೇಳುವ ಮೊದಲೇ ಕೇಳುವವನು ಒಳ್ಳೆಯ ಗೆಳೆಯ.

ನೆನಪಿಡಿ

* ದೊಡ್ಡವರಿಲ್ಲದೆ, ಅನುಮತಿ ಇಲ್ಲದೆ ಹೋಗಬಾರದು.
* ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಬರುತ್ತೇವೆ ಎಂದು ಮನೆಯಲ್ಲಿ ಬರೆದಿಡಬೇಕು. ಮೊಬೈಲ್ ಸಿಗ್ನಲನ್ನು ನಂಬಬಾರದು.
* ಟಾರ್ಚು, ಒಣ ಅಂಗಿ, ಹಗ್ಗ, ಬ್ಯಾಂಡೇಜು, 3 ಲೀಟರ್ ನೀರು ಇರಲಿ.
* ಕೊಂಡೊಯ್ದ ಪ್ಲಾಸ್ಟಿಕ್ ಎಲ್ಲವನ್ನೂ ವಾಪಸು ತರಬೇಕು.
* ತುದಿ ಎಂದರೆ ಅರ್ಧ ದಾರಿ. ಪೂರ್ತಿ ದಾರಿ ಮುಗಿಯುವುದು ಮನೆಯ ಬಾಗಿಲಲ್ಲಿ.

ಅಭ್ಯಾಸ

(1) ದೂರ 9 ಕಿ.ಮೀ., ಏರು 900 ಮೀಟರ್ ಇರುವ ಬೆಟ್ಟವನ್ನು ಹತ್ತಲು ನೇಸ್ಮಿತ್ ಸೂತ್ರದಂತೆ ಎಷ್ಟು ಸಮಯ ಬೇಕು? ಕಾಲು ಭಾಗ ಸೇರಿಸಿ ಬರೆಯಿರಿ.
(2) ಇಳಿಯಲು 3 ಗಂಟೆ ಬೇಕಾದರೆ, ಸೂರ್ಯಾಸ್ತ 6:10 ಆದರೆ, ಅರ್ಧ ಗಂಟೆ ಉಳಿಸಿಕೊಂಡು ಹಿಂದಿರುಗುವ ಗಂಟೆ ಯಾವುದು?
(3) ನಿಮ್ಮ ತೂಕಕ್ಕೆ ಕುಮಾರ ಪರ್ವತ ಏರುವ ಕೆಲಸವನ್ನು ಜೂಲ್‌ಗಳಲ್ಲಿ ಕಂಡುಹಿಡಿಯಿರಿ.

ಉತ್ತರಗಳನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿರಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

— ಹತ್ತನೇ ತರಗತಿ, ವಿಜ್ಞಾನ ಸಂಘದ ಪರವಾಗಿ