ಹೆಪ್ಪುಗಟ್ಟಿದ ನೆಲದಲ್ಲಿ ಹೆದ್ದಾರಿ

ಬಂಡೆಯನ್ನು ಸಿಡಿಸಿ, ಹೊಳೆಗೆ ಸೇತುವೆ ಕಟ್ಟಿ, ಕಾಡನ್ನು ಕಡಿದು ರಸ್ತೆ ಮಾಡುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಕೆನಡಾ ಮತ್ತು ಅಲಾಸ್ಕಗಳ ಉತ್ತರದ ಕಾಡುಸೀಮೆಯಲ್ಲಿ ಈ ಕ್ರಮ ಸಾಗದು. ಅಲ್ಲಿ ಅನೇಕ ಕಡೆ ನೆಲದ ಮೇಲ್ಪದರ ಬೇಸಗೆಯಲ್ಲಿ ಕರಗಿದರೂ ಅದರ ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಇಂತಹ ನೆಲವು ರಸ್ತೆಗೆ ಏಕೆ ಒಗ್ಗುವುದಿಲ್ಲವೆಂಬುದನ್ನು ವಿಚಾರಮಾಡೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸೇನೆಯು ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕದವರೆಗೆ 2,000 ಕಿಲೋಮೀಟರಿಗೂ ಮಿಗಿಲಾದ ಹೆದ್ದಾರಿಯನ್ನು ಕೆಲವೇ ತಿಂಗಳುಗಳಲ್ಲಿ ನಿರ್ಮಿಸಿತು. ಕೆಲವೆಡೆ ವಾಡಿಕೆಯಂತೆ ನೆಲದ ಮೇಲಿನ ಪಾಚಿ, ಗಿಡಗಂಟಿಗಳನ್ನು ಯಂತ್ರಗಳಿಂದ ಹೆರೆದುಹಾಕಿದರು. ಕಲ್ಲಿನಂತಿದ್ದ ನೆಲ ಕೆಸರಾಯಿತು, ವಾಹನಗಳು ಹೂತುಕೊಂಡವು.

ಮಂಜುಗಡ್ಡೆಯ ವ್ಯಾಪಾರಿ ತನ್ನ ಸರಕನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಗೋಣಿ ಹೊದಿಸುವುದನ್ನು ವಾಚಕರು ಕಂಡಿರಬಹುದು. ಹೊಟ್ಟಿನ ನಡುವೆ ಸೆರೆಯಾದ ಗಾಳಿ ಹೊರಗಿನ ಉಷ್ಣವನ್ನು ಸುಲಭವಾಗಿ ಒಳಕ್ಕೆ ಬಿಡದು. ಒಣಗಿದ ಪಾಚಿಯ ಪದರವೂ ಬೇಸಗೆಯಲ್ಲಿ ನೆಲಕ್ಕೆ ಇದೇ ಉಪಕಾರವನ್ನು ಮಾಡುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಗುಪ್ತೋಷ್ಣ ಬೇಕು. ಹೊದಿಕೆಯಿದ್ದಾಗ ಅಷ್ಟು ಉಷ್ಣ ಆಳಕ್ಕೆ ತಲಪುವಷ್ಟರಲ್ಲಿ ಬೇಸಗೆಯೇ ಮುಗಿದಿರುತ್ತದೆ. ಹೊದಿಕೆ ಹೋದರೆ, ಉತ್ತರದ ದೀರ್ಘವಾದ ಹಗಲುಗಳ ಬಿಸಿಲು ನೇರವಾಗಿ ಮಣ್ಣನ್ನು ಕಾಯಿಸುತ್ತದೆ.

ಕರಗಿದ ನೀರು ಕೆಳಗೆ ಇಂಗಲಾರದು, ಏಕೆಂದರೆ ಕೆಳಗಿನ ಪದರ ಇನ್ನೂ ಹೆಪ್ಪುಗಟ್ಟಿರುತ್ತದೆ. ಮಣ್ಣಿನ ಕಣಗಳ ನಡುವೆ ನಿಂತ ನೀರೇ ಭಾರವನ್ನು ಹೊರಬೇಕಾಗುತ್ತದೆ. ಕಣಗಳು ಒಂದನ್ನೊಂದು ಒತ್ತಿ ಹಿಡಿಯಲಾರದೆ ಘರ್ಷಣೆ ಕುಗ್ಗುತ್ತದೆ. ನೆಲ ಜಾರುತ್ತದೆ, ಕುಸಿಯುತ್ತದೆ.

ಇದನ್ನರಿತ ಇಂಜಿನಿಯರುಗಳು ಕೆಲಸದ ಕ್ರಮವನ್ನೇ ಬದಲಿಸಿದರು. ಪಾಚಿಯನ್ನು ಇದ್ದಂತೆಯೇ ಬಿಟ್ಟು, ಮರದ ದಿಮ್ಮಿಗಳನ್ನು ದಾರಿಗೆ ಅಡ್ಡಲಾಗಿ ಹಾಸಿ, ಮೇಲೆ ಗರಸು ಹರಡಿದರು. ರಸ್ತೆ ನಿಂತಿತು.

ಆದರೆ ವಾಯುಗುಣವೇ ಬೆಚ್ಚಗಾಗುತ್ತಿರುವ ಇಂದು ಈ ಉಪಾಯ ಸಾಲದು. ಯೂಕಾನ್ ಸೀಮೆಯಲ್ಲಿ ಹೆದ್ದಾರಿಯ ಕೆಲವು ಭಾಗಗಳು ಕುಸಿದು ಅಲೆಯಲೆಯಾಗಿವೆ, ದುರಸ್ತಿಗೆ ಕೊನೆಯಿಲ್ಲ. ದಾರಿ ಕಡಿದರೆ ಅದನ್ನೇ ನಂಬಿದ ಊರುಗಳಿಗೆ ಸಾಮಗ್ರಿ ತಲಪುವುದು ಕಷ್ಟ. ಆದುದರಿಂದಲೇ 2008ರಲ್ಲಿ ಬೀವರ್ ಕ್ರೀಕ್ ಬಳಿ ರಸ್ತೆಯ ಒಂದು ಭಾಗವನ್ನು ಪ್ರಯೋಗಕ್ಕೆ ಮೀಸಲಿಟ್ಟರು. ಬಿಸಿಲನ್ನು ಪ್ರತಿಫಲಿಸುವ ತಿಳಿಬಣ್ಣದ ಮೇಲ್ಮೈ, ಚಳಿಗಾಲದ ತಣ್ಣನೆಯ ಗಾಳಿ ಒಳಹೊಗುವಂತಹ ದಪ್ಪಕಲ್ಲುಗಳ ಏರಿ ಮೊದಲಾದವು ಅಲ್ಲಿ ಪರೀಕ್ಷೆಗೆ ಒಳಗಾದವು.

ವಿದ್ಯಾರ್ಥಿಗಳು ಸಮತೂಕದ ಎರಡು ಮಂಜುಗಡ್ಡೆಗಳಲ್ಲಿ ಒಂದನ್ನು ಬಿಸಿಲಿನಲ್ಲಿ ತೆರೆದಿಟ್ಟು, ಇನ್ನೊಂದನ್ನು ಅಲ್ಲಿಯೇ ಮರದ ಹೊಟ್ಟಿನಲ್ಲಿ ಹುದುಗಿಸಿಡಲಿ. ಅರ್ಧ ಗಂಟೆಯ ತರುವಾಯ ಎರಡನ್ನೂ ತೂಗಿ ನೋಡಿದರೆ ಪಾಚಿಯ ಬೆಲೆ ತಿಳಿಯುತ್ತದೆ.