ಒಗ್ಗರಣೆ ಕೊನೆಗೆ ಬರಲಿ

ಪುಣೆಯ ಬಿಬವೇವಾಡಿಯಲ್ಲಿ ಸಂಸಾರ ಹೂಡಿದವರು ತರಕಾರಿ ಸಿಗುವುದಿಲ್ಲ ಎಂಬ ನೆಪ ಹೇಳುವಂತಿಲ್ಲ. ಗಂಗಾಧಾಮ ಚೌಕ ದಾಟಿದರೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್. ಮೆಂತ್ಯ, ಚವಳಿಕಾಯಿ, ಹಸಿರು ಬದನೆಯ ರಾಶಿಗಳ ಜೊತೆಗೆ ಬ್ರೊಕೊಲಿ, ಝುಕಿನಿ, ಸೆಲರಿ, ಕೆಂಪು ಎಲೆಕೋಸು ಕೂಡ ಅಲ್ಲಿ ದಿನದ ಮಾಲು. ಕಾಳುಕಡಿಯ ಭುಸಾರ ಅಂಗಡಿಗಳ ಕಡೆ ತಿರುಗಿದರೆ ಸೊಲ್ಲಾಪುರದ ಮಾಲದಂಡಿ ಜೋಳ, ಶೇಂಗಾ, ಗುರೆಳ್ಳು. ಇಷ್ಟೆಲ್ಲ ಕೈಯಳತೆಯಲ್ಲಿದ್ದರೂ ಹಗುರ ಊಟ ಎಂದ ಕೂಡಲೇ ನಮ್ಮ ಕನ್ನಡ ಮನೆಗಳಿಗೆ ನೆನಪಾಗುವುದು ಜ್ವರದ ಗಂಜಿ, ಇಲ್ಲವೇ ಡಾಕ್ಟರು ಗದರಿದ ಮೇಲೆ ಶುರುವಾಗುವ ಸಪ್ಪೆ ಪಲ್ಯ. ಹೊರದೇಶದ ಅಡುಗೆ ಎಂದರೆ ಸಂಜೆ ಗಾಡಿಯ ಮಂಚೂರಿ (ಅದು ಚೀನಾದ್ದೇನಲ್ಲ, ಮುಂಬಯಿಯ ಕೂಸು), ಚೀಸ್ ಸುರಿದ ಪಾಸ್ತಾ. ಒಂದು ಬಾಯಿಗೆ ಬೇಡ, ಇನ್ನೊಂದು ಮೈಗೆ ಬೇಡ. ರುಚಿಯೂ ಹಗುರವೂ ಒಂದೇ ತಟ್ಟೆಯಲ್ಲಿ ಕೂಡುವುದಿಲ್ಲ ಎಂಬ ಈ ತೀರ್ಮಾನ ತಪ್ಪು ಎಂದು ನಾನು ಕಲಿತದ್ದು ನಿಧಾನವಾಗಿ. ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನಾವು ಎಣ್ಣೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಕುತ್ತಿದ್ದೇವೆ.

ಮೊದಲು ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ದಿನಕ್ಕೆ ಹಾಕಿಕೊಟ್ಟ ತಟ್ಟೆಯಲ್ಲಿ ಎಣ್ಣೆ-ತುಪ್ಪದ ಪಾಲು 27 ಗ್ರಾಂ. ನಾಲ್ಕು ಮಂದಿಯ ರಸದ ಪಲ್ಯಕ್ಕೆ ಬಾಣಲೆಗೆ ಸುರಿಯುವ ಅರ್ಧ ಬಟ್ಟಲು ಎಣ್ಣೆ ಸುಮಾರು 75 ಮಿಲಿಲೀಟರ್, ಅಂದರೆ ಹತ್ತಿರ ಹತ್ತಿರ 70 ಗ್ರಾಂ. ಒಬ್ಬೊಬ್ಬರ ಪಾಲಿಗೆ 17 ಗ್ರಾಂ. ದಿನದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪಲ್ಯದಲ್ಲಿ ಮುಗಿಯಿತು. ಬೆಳಗಿನ ಅವಲಕ್ಕಿ, ಸಂಜೆಯ ಚುರುಮುರಿ, ತಟ್ಟೆಯಂಚಿನ ಶೇಂಗಾ ಹಿಂಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇಷ್ಟು ಎಣ್ಣೆ ಯಾಕೆ ಎಂದರೆ ಬರುವ ಉತ್ತರ ಒಂದೇ: ಮಸಾಲೆ ಎಣ್ಣೆ ಬಿಡುವವರೆಗೂ ಹುರಿಯಬೇಕು. ಮಾತು ಸುಳ್ಳಲ್ಲ, ಅರ್ಥ ಮಾತ್ರ ಬೇರೆ. ಎಣ್ಣೆ ಬಿಡುವುದು ಒಂದು ಗುರುತು, ಅಷ್ಟೆ. ಉಳ್ಳಾಗಡ್ಡಿ, ಟೊಮೆಟೊದ ನೀರು ಆರಿದೆ, ಶಾಖ ನೀರು ಕುದಿಯುವ 100 ಡಿಗ್ರಿಯನ್ನು ದಾಟಿ ಮೇಲೇರಿದೆ, ಇನ್ನು ಕಂದುಗಟ್ಟಲು ಅಡ್ಡಿಯಿಲ್ಲ ಎಂದು ಅದು ತಿಳಿಸುತ್ತದೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಸಕ್ಕರೆಯಂಶವೂ ಪ್ರೋಟೀನಿನ ಅಂಶವೂ ಕೂಡಿ ನೂರಾರು ಹೊಸ ಪರಿಮಳ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಮಯ್ಯಾರ್ 1912ರಲ್ಲಿ ಬರೆದಿಟ್ಟ ಕ್ರಿಯೆ ಇದೇ. ಹಾಗಾದರೆ ಬೇಕಾದದ್ದು ನೀರು ಹೋಗುವುದು, ಶಾಖ ಏರುವುದು. ಎಣ್ಣೆ ಆ ಕೆಲಸಕ್ಕೆ ಒಂದು ದಾರಿ, ಒಂದೇ ದಾರಿಯಲ್ಲ.

ಇನ್ನೊಂದು ದಾರಿ ನಮ್ಮ ಒಲೆಯ ಮೇಲೇ ಇದೆ. ರೊಟ್ಟಿ ಬೇಯಿಸಿ ಮುಗಿದ ಮೇಲೆ ಹಂಚು ಇನ್ನೂ ಕೆಂಡದಂತಿರುತ್ತದೆ. ಆ ಕಾವನ್ನು ನಾವು ಸುಮ್ಮನೆ ಆರಲು ಬಿಡುತ್ತೇವೆ. ಮೆಕ್ಸಿಕೋದ ಅಡುಗೆಯವರು ಬಿಡುವುದಿಲ್ಲ. ಅವರ ಕೊಮಾಲ್ ನಮ್ಮ ಹಂಚಿನ ಖಾಸಾ ತಂಗಿ. ಅದರ ಮೇಲೆ ಜೋಳದ ರೊಟ್ಟಿಯ ಬದಲು ಮೆಕ್ಕೆಜೋಳದ ತೋರ್ತಿಯಾ ಬೇಯುತ್ತದೆ, ಜೊತೆಗೆ ಇಡೀ ಟೊಮೆಟೊ, ಸಿಪ್ಪೆಸಮೇತ ಬಳ್ಳೊಳ್ಳಿ, ಉಳ್ಳಾಗಡ್ಡಿಯ ಹೋಳು, ಮೆಣಸಿನಕಾಯಿ ಒಂದು ಹನಿ ಎಣ್ಣೆಯಿಲ್ಲದೆ ಸುಡುತ್ತವೆ. ಟೊಮೆಟೊ ಮೊದಲು ಬೆವರುತ್ತದೆ, ಸಿಪ್ಪೆ ಸುಕ್ಕಾಗಿ ಬಿರಿಯುತ್ತದೆ, ಹಂಚು ತಾಗಿದ ಕಡೆ ಕರಿ ಕಲೆ ಬೀಳುತ್ತದೆ. ಆ ಕಲೆಯನ್ನು ಕಿತ್ತೆಸೆಯಬಾರದು, ರುಚಿ ಕೂತಿರುವುದೇ ಅಲ್ಲಿ. ಬಳ್ಳೊಳ್ಳಿ ಒತ್ತಿದರೆ ಬೆಣ್ಣೆಯಂತೆ ಜಾರಿ ಸಿಪ್ಪೆಯಿಂದ ಹೊರಬರಬೇಕು. ಎಲ್ಲವನ್ನೂ ಖಲಬತ್ತದಲ್ಲಿ ಉಪ್ಪಿನೊಂದಿಗೆ ಜಜ್ಜಿ, ಬೆಂದ ರಾಜ್ಮಾಕ್ಕೋ ಅಲಸಂದೆಗೋ ಕೂಡಿಸಿ ಹತ್ತು ನಿಮಿಷ ಕುದಿಸಿದರೆ ರೊಟ್ಟಿಗೆ ಹೊಂದುವ ಗಟ್ಟಿ ಸಾರು ತಯಾರು. ಕೊಲ್ಲಾಪುರ ಕಡೆ ಉಳ್ಳಾಗಡ್ಡಿ, ಒಣಕೊಬ್ಬರಿಯನ್ನು ನೇರ ಉರಿಗೆ ಹಿಡಿದು ಸುಟ್ಟು ಅರೆಯುವ ರೂಢಿ ಕಂಡವರಿಗೆ ಇದು ಹೊಸತೇನಲ್ಲ. ನಡುವೆ ಒಂದು ಎಚ್ಚರಿಕೆ: ನಾನ್‌ಸ್ಟಿಕ್ ತವೆಯಲ್ಲಿ ಇದನ್ನು ಮಾಡಬೇಡಿ. ಕಬ್ಬಿಣದ ಹಂಚಾದರೆ ಟೊಮೆಟೊದ ಹುಳಿ ಅದರ ಪಳಗಿದ ಪದರವನ್ನು ಕೀಳುತ್ತದೆ, ಬೇಗ ಒರೆಸಿ ಒಂದಿಷ್ಟು ಎಣ್ಣೆ ಸವರಿಡಬೇಕು.

ಆಮೇಲೆ ಎಣ್ಣೆಯ ಸರದಿ. ಇಲ್ಲಿ ನನಗೆ ಬಲವಾದ ಸಾಕ್ಷಿ ಎನಿಸುವುದು ಒಂದನ್ನೊಂದು ನೋಡಿ ಕಲಿಯದ ಅಡುಗೆಮನೆಗಳು ಒಂದೇ ಕಡೆ ಬಂದು ನಿಂತಿರುವುದು. ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯಲ್ಲಿ ಮೀನನ್ನು ಬರೀ ಹಬೆಯಲ್ಲಿ ಬೇಯಿಸಿ, ಮೇಲೆ ಎಳೆಎಳೆಯಾಗಿ ಹೆಚ್ಚಿದ ಹಸಿಶುಂಠಿ, ಉಳ್ಳಾಗಡ್ಡಿ ಸೊಪ್ಪು ಹರಡಿ, ಹೊಗೆಯಾಡುವ ಎಣ್ಣೆಯನ್ನು ಅದರ ಮೇಲೆ ಸುರಿಯುತ್ತಾರೆ. ಚುರ್ ಎಂಬ ಸದ್ದೇ ಸಾಕು, ನಮ್ಮವರು ಕಣ್ಣುಮುಚ್ಚಿ ಒಗ್ಗರಣೆ ಎನ್ನುತ್ತಾರೆ. ತುರ್ಕಿಯಲ್ಲಿ ಮೊಸರಿನ ಸೂಪಿನ ಮೇಲೆ ಒಣ ಪುದೀನ ಹಾಕಿ ಕಾಯಿಸಿದ ಬೆಣ್ಣೆ ತೇಲುತ್ತದೆ. ಅದರ ಪಕ್ಕದಲ್ಲಿ ನಮ್ಮ ಮಜ್ಜಿಗೆ ಹುಳಿಯನ್ನಿಟ್ಟರೆ ಬಣ್ಣದಲ್ಲೇ ನೆಂಟಸ್ತಿಕೆ ಕಾಣುತ್ತದೆ. ಇಟಲಿಯ ಟಸ್ಕನಿಯಲ್ಲಿ ಬೀನ್ಸ್ ಕಾಳು, ಸೊಪ್ಪಿನ ಸೂಪಿಗೆ ಬಡಿಸುವಾಗ ಹಸಿ ಆಲಿವ್ ಎಣ್ಣೆ. ಕಾರಣ ಸರಳ. ಮಸಾಲೆಯ ಪರಿಮಳಗಳು ಬಹುಪಾಲು ಎಣ್ಣೆಯಲ್ಲಿ ಕರಗುವಂಥವು, ಆವಿಯ ಜೊತೆ ಹಾರಿಹೋಗುವಂಥವು. ಅರ್ಧ ಗಂಟೆ ಕುದಿದ ಎಣ್ಣೆ ರಸದೊಳಗೆ ಅಡಗಿರುತ್ತದೆ, ಅದು ಹೊತ್ತ ಘಮ ಆಗಲೇ ಅಡುಗೆಮನೆಯ ಕಿಟಕಿಯಿಂದ ಹೊರಟಿರುತ್ತದೆ. ಬಡಿಸುವ ಮುಂಚೆ ಬಿದ್ದ ಎಣ್ಣೆ ಮೇಲೆಯೇ ನಿಂತು ಮೊದಲ ತುತ್ತಿನಲ್ಲೇ ಮೂಗಿಗೂ ನಾಲಗೆಗೂ ಸಿಗುತ್ತದೆ. ನಾಲ್ಕು ಮಂದಿಗೆ ಎರಡು ದೊಡ್ಡ ಚಮಚ, ಎಂದರೆ 30 ಮಿಲಿಲೀಟರ್, ಧಾರಾಳವಾಯಿತು. ಒಬ್ಬರಿಗೆ ಏಳು ಗ್ರಾಂ. ಮರಾಠಿ ನೆರೆಮನೆಗಳಲ್ಲೂ ಮೇಲಿನಿಂದ ಹಾಕುವ ಫೋಡಣಿ ಎಂಬುದಿದೆ. ಸಾರಿಗೆ, ತಂಬುಳಿಗೆ, ಕೋಸಂಬರಿಗೆ ನಾವು ತಪ್ಪದೆ ಪಾಲಿಸುವ ಈ ಕ್ರಮವನ್ನು ಪಲ್ಯದ ಬಾಣಲೆ ಇಟ್ಟ ಗಳಿಗೆಯಲ್ಲಿ ಮರೆಯುವುದೇಕೆ ಎಂಬುದು ನನಗೆ ಈಗಲೂ ಒಗಟು.

ಬದನೆಕಾಯಿ ಈ ವಾದದ ಕಠಿಣ ಪರೀಕ್ಷೆ. ಅದರ ತಿರುಳು ಒಂದು ಸ್ಪಂಜು, ಕಣಕಣದ ನಡುವೆ ಗಾಳಿ. ಹಸಿ ಹೋಳನ್ನು ಬಿಸಿ ಎಣ್ಣೆಗೆ ಹಾಕಿದರೆ ಗಾಳಿಯ ಜಾಗಕ್ಕೆ ಎಣ್ಣೆ ನುಗ್ಗುತ್ತದೆ, ಬಾಣಲೆ ಒಣಗುತ್ತದೆ, ಕೈ ಮತ್ತೆ ಎಣ್ಣೆಯ ಡಬ್ಬಿಗೆ ಹೋಗುತ್ತದೆ. ಅದೇ ಬದನೆಯನ್ನು ಉದ್ದಕ್ಕೆ ಸೀಳಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಇಟ್ಟರೆ ಗೋಡೆಗಳು ಕುಸಿದು ಗಾಳಿ ಹೊರಬಿದ್ದು ತಿರುಳು ರೇಷ್ಮೆಯಾಗುತ್ತದೆ; ಆಮೇಲೆ ಅದು ಎಣ್ಣೆ ಕುಡಿಯಲು ಹೋಗುವುದಿಲ್ಲ. ಕೈಯಿಂದ ಎಳೆ ಬಿಡಿಸಿ, ಹುಣಸೆ ರಸ, ಚೂರು ಬೆಲ್ಲ, ಉಪ್ಪು ಸವರಿ, ಜಜ್ಜಿದ ಬಳ್ಳೊಳ್ಳಿ ಮತ್ತು ಬ್ಯಾಡಗಿ ಮೆಣಸಿನ ಪುಡಿಯನ್ನು ನೆತ್ತಿಯ ಮೇಲಿಟ್ಟು ಕಾದ ಎಣ್ಣೆ ಸುರಿಯುವುದು ಚೀನೀ ಮನೆಗಳ ಪದ್ಧತಿಗೆ ಹತ್ತಿರ, ತಿನ್ನುವಾಗ ಮಾತ್ರ ವಿಜಯಪುರದ ನೆನಪು. ಮೇಲೆ ಒಂದು ಚಮಚ ಗುರೆಳ್ಳು ಹಿಂಡಿ ಉದುರಿಸಿದರೆ ರೊಟ್ಟಿಯ ಜೊತೆ ಅದೇ ಮುಖ್ಯ ಪದಾರ್ಥ.

ಇದಕ್ಕೆ ಬರುವ ತಕರಾರುಗಳಲ್ಲಿ ಕೆಲವು ನ್ಯಾಯವಾದವು. ಎಣ್ಣೆ ಕಡಿಮೆಯಾದರೆ ಹೊಟ್ಟೆ ನಿಲ್ಲುವುದಿಲ್ಲ ಎನ್ನುವುದು ಮೊದಲನೆಯದು. ಬರೀ ತರಕಾರಿಯ ತಟ್ಟೆಯಾದರೆ ಆ ಮಾತು ನಿಜ. ಕಾಳು, ಬೇಳೆ, ಮೊಟ್ಟೆ, ಮೀನು, ತೋಫು, ಇವುಗಳಲ್ಲಿ ಒಂದಾದರೂ ಇಲ್ಲದ ಹಗುರ ಊಟ ನಾಲ್ಕು ಗಂಟೆಗೆ ವಡಾಪಾವಿನ ಗಾಡಿಯ ಮುಂದೆ ಮುಗಿಯುತ್ತದೆ. ಪನೀರನ್ನು ಹಗುರ ಎಂದು ಎಣಿಸುವವರು ಮಾತ್ರ ಮತ್ತೆ ಯೋಚಿಸಲಿ, ಅದರ ತೂಕದಲ್ಲಿ ಐದನೇ ಒಂದು ಪಾಲು ಜಿಡ್ಡೇ ಇರುತ್ತದೆ. ಶೇಂಗಾ ಪುಡಿಯ ಮೇಲೂ ಕಣ್ಣಿರಬೇಕು: ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ, ಹಿಡಿ ಪುಡಿ ಸುರಿದರೆ ಬಾಣಲೆಯಲ್ಲಿ ಉಳಿಸಿದ್ದು ತಟ್ಟೆಯಲ್ಲಿ ಹೋಯಿತು. ಮೆಡಿಟರೇನಿಯನ್ ಊಟದಲ್ಲಿ ಆಲಿವ್ ಎಣ್ಣೆ ಹೊಳೆಯಾಗಿ ಹರಿಯುತ್ತದಲ್ಲ, ಅವರು ಆರೋಗ್ಯವಾಗಿಲ್ಲವೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದ್ದಾರೆ ಎಂದೇ. ಎಣ್ಣೆ ಶತ್ರು ಎಂದು ನಾನು ವಾದಿಸುತ್ತಿಲ್ಲ. ಕ್ಯಾರೆಟ್ಟಿನ, ಸೊಪ್ಪಿನ ಕೆರೋಟಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕೇ ಬೇಕು. ಹಾಕಿದ ಎಣ್ಣೆಯ ರುಚಿ ಬಾಯಿಗೆ ಸಿಗಲಿ ಎಂಬುದಷ್ಟೇ ನನ್ನ ಬೇಡಿಕೆ.

ದುಬಾರಿ ಎಂಬ ತಕರಾರು ಹೊರದೇಶದ ಸಾಸು, ಎಣ್ಣೆಗಳ ಬಾಟಲಿಗಳನ್ನು ಕೊಳ್ಳುವವರದು. ವಿಧಾನಕ್ಕೆ ಕಾಸಿಲ್ಲ. ಲೆಬನಾನಿನ ತಬ್ಬೂಲೆಯಲ್ಲಿ ಗೋಧಿಗಿಂತ ಸೊಪ್ಪು ಹೆಚ್ಚು. ಪಾರ್ಸ್ಲಿಯ ಕಟ್ಟು ತುಟ್ಟಿಯೆನಿಸಿದರೆ ಕೊತ್ತಂಬರಿ, ಪುದೀನ ಸಾಕು. ಅವರ ಬುಲ್ಗುರ್ ಮೊದಲೇ ಬೇಯಿಸಿ ಒಣಗಿಸಿದ್ದಾದ್ದರಿಂದ ನೆನೆಸಿದರೆ ನಡೆಯುತ್ತದೆ, ನಮ್ಮ ಗೋಧಿ ನುಚ್ಚನ್ನು ಮಾತ್ರ ಬೇಯಿಸಿ ಆರಿಸಬೇಕು. ಬಾಟಲಿಗಳಲ್ಲಿ ನನಗೆ ಅನುಮಾನವಿರುವುದು ಸೋಯಾ ಸಾಸ್ ಮೇಲೆ. ಒಂದು ದೊಡ್ಡ ಚಮಚದಲ್ಲಿ ಎರಡು ಗ್ರಾಂಗೂ ಹೆಚ್ಚು ಉಪ್ಪಿರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ ಐದು ಗ್ರಾಂಗಿಂತ ಕಡಿಮೆ. ಎಣ್ಣೆ ಇಳಿಸಿ ಸಾಸ್ ಏರಿಸುವುದು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗೆ. ಲಿಂಬೆ, ಹುಣಸೆ, ಆಮಸೂಲು, ಯಾವುದಾದರೂ ಹುಳಿ ಕೊನೆಗೆ ಬಿದ್ದರೆ ಉಪ್ಪು ತಾನಾಗಿ ಕಡಿಮೆ ಹಿಡಿಯುತ್ತದೆ.

ಪರದೇಶದ್ದು ನಮಗೇಕೆ ಎನ್ನುವವರಿಗೆ ಅವರ ತಟ್ಟೆಯನ್ನೇ ತೋರಿಸಬಹುದು. ಜೋಳ ಆಫ್ರಿಕಾದಿಂದ ಬಂದದ್ದು, ಮೆಣಸಿನಕಾಯಿ, ಶೇಂಗಾ, ಟೊಮೆಟೊ ಅಮೆರಿಕ ಖಂಡಗಳಿಂದ. ಅಪ್ಪಟ ನಮ್ಮದೆನ್ನಲು ಉಳಿಯುವುದು ಬದನೆಕಾಯಿ. ಬಿಬವೇವಾಡಿಯಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ, ಇಲ್ಲಿ ಜೈನ ಕುಟುಂಬಗಳು ಬಹಳ: ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದೆ ಇದೆಲ್ಲ ಆದೀತೆ? ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆಗೂ ಅವೆರಡೂ ವರ್ಜ್ಯ. ಅಲ್ಲಿ ಕೊಂಬು ಎಂಬ ಕಡಲಪಾಚಿಯೂ ಒಣ ಅಣಬೆಯೂ ರುಚಿಯ ಬುಡವಾಗುತ್ತವೆ. ಆ ಕೊಂಬಿನ ಸಾರಿನಿಂದಲೇ ಟೋಕಿಯೊದ ಕಿಕುನಾಎ ಇಕೆಡಾ 1908ರಲ್ಲಿ ಗ್ಲುಟಮೇಟ್ ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು. ಜೈನರಿಗೆ ಅಣಬೆಯೂ ಸಲ್ಲದು; ಆದರೆ ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿ ಬೇಕಾದಷ್ಟಿದೆ, ಹಂಚಿನ ಮೇಲೆ ಸುಟ್ಟರೆ ಇನ್ನೂ ಗಾಢ. ಮೇಲೆ ಇಂಗಿನ ಒಗ್ಗರಣೆ.

ಎಲ್ಲವನ್ನೂ ಹಗುರ ಮಾಡಲು ಹೊರಡುವುದೂ ತಪ್ಪೇ. ಎಳ್ಳಮಾಸಿಯ ಎಣ್ಣೆಗಾಯಿ ಹೆಸರಿಗೆ ತಕ್ಕಂತೆಯೇ ಇರಲಿ, ಅದಕ್ಕೆ ಹಬೆಯ ಉಪದೇಶ ಬೇಡ. ಕೆಲವು ಅಡುಗೆಗಳು ನನ್ನ ವಾದಕ್ಕೆ ಒಪ್ಪಿದರೂ ರೊಟ್ಟಿಗೆ ಒಪ್ಪುವುದಿಲ್ಲ. ದಕ್ಷಿಣ ವಿಯೆಟ್ನಾಮಿನ ಕಾನ್ ಚುವಾ ಎಂಬ ಹುಳಿ ಸಾರು ನೋಡಿ: ಹುಣಸೆ, ಅನಾನಸು, ಟೊಮೆಟೊ, ಬೆಂಡೆ, ಮೊಳಕೆ, ಮೀನು, ಕೊನೆಗೆ ಮೇಲಿಂದ ಹುರಿದ ಬಳ್ಳೊಳ್ಳಿ. ಎಣ್ಣೆ ಎರಡೇ ಚಮಚ, ಮೊಳಕೆಗೆ ಇಲ್ಲಿಯ ಮಡಿಕೆಕಾಳು ನಡೆಯುತ್ತದೆ, ಮೀನಿನ ಜಾಗಕ್ಕೆ ತೋಫು. ಬೆಂಡೆಯನ್ನು ಕೊನೆಯ ನಾಲ್ಕು ನಿಮಿಷಕ್ಕೆ ಹಾಕಿದರೆ ಹುಳಿಯಲ್ಲಿ ಲೋಳೆ ಕಾಣದು. ಲೆಕ್ಕದ ಪ್ರಕಾರ ಎಲ್ಲ ಸರಿ. ಮಾಲದಂಡಿಯ ರೊಟ್ಟಿಯನ್ನು ಅದರಲ್ಲಿ ಅದ್ದಿದರೆ ಮಾತ್ರ ಎರಡೂ ಮುಖ ತಿರುಗಿಸಿಕೊಳ್ಳುತ್ತವೆ. ಅದಕ್ಕೆ ಅನ್ನವೇ ಆಗಬೇಕು, ಅದೂ ಬಿಸಿಯಾಗಿ.